ಸೂಜಿಯಲ್ಲಿ ಹೇಳಿದ ಹೆಸರು

ವೈನಿ,

“ಚಂದ ಐತಿ ಬಿಡು, ಖರೆ ಮಂದಿ ಮನ್ಯಾಗ ಕುಂತಂಗ ಆಗತೈತಿ” ಎಂದಿರೋ, “ಮಂದಿ ಸೀರಿ ಉಟ್ಟಂಗ ಆಗತೈತಿ” ಎಂದಿರೋ, ಈಗ ಖಚಿತವಿಲ್ಲ. ಎರಡರಲ್ಲಿ ಒಂದು. ಹೇಳಿ ಎದ್ದು ಹೋದಿರಿ, ಒಲೆಯ ಮೇಲೆ ಬೇಳೆ ಇತ್ತು. ನಿಮ್ಮ ಹೆಸರನ್ನು ನಾನು ಡ್ರಾಯಿಂಗ್ ಹಾಳೆಯ ಮೇಲೆ ಬರೆದು ತೋರಿಸಿದ ದಿನ ಅದು. ನೀಲವ್ವ. ಸ್ಕೇಲು, ಕಂಪಾಸು ಇಟ್ಟು ಎಳೆದ ಅಕ್ಷರ; ದಪ್ಪ ಎಲ್ಲ ಕಡೆಗೂ ಒಂದೇ, ಒಂದು ಗೆರೆಯೂ ಹೆಚ್ಚಿಲ್ಲ. ಓದಲು ಬಾರದ ನೀವು ಹಾಳೆಯನ್ನು ಹೊರಳಿಸಿ ನೋಡಿದಿರಿ, ತೋರುಬೆರಳಿನಿಂದ ಒಂದೊಂದೇ ಗೆರೆಯ ಮೇಲೆ ನಡೆದಿರಿ, ಮರಳಿ ನನ್ನ ಕೈಗೆ ಕೊಟ್ಟಿರಿ. ಓದಲು ಬಾರದವರು ಅಕ್ಷರದ ಬಗ್ಗೆ ಏನು ಹೇಳಿದರೆ ಏನು ಎಂದುಕೊಂಡು ನಾನು ಹಾಳೆಯನ್ನು ಸುರುಳಿ ಸುತ್ತಿದೆ. ಬಾಗೇವಾಡಿಯ ನನ್ನ ಕೋಣೆಯ ಅಟ್ಟದ ಮೇಲೆ ಅದು ಇನ್ನೂ ಸುರುಳಿಯಾಗಿಯೇ ಇದೆ. ಆ ಮಾತು ಮಾತ್ರ ಬಿಚ್ಚಿಕೊಂಡು ಕೂತಿದೆ.

ಹೋದ ತಿಂಗಳು ಮೋರಟಗಿಗೆ ಬಂದಾಗ ಹೊಲದಲ್ಲಿ ಕಲ್ಲು ನೋಡಿದೆ. ನಿಮ್ಮನ್ನು ಮಣ್ಣು ಮಾಡಿದಲ್ಲಿ, ಬೇವಿನ ಮರದ ಪೂರ್ವಕ್ಕೆ, ಅಣ್ಣ ಕಟ್ಟೆ ಕಟ್ಟಿಸಿ ಕಲ್ಲು ನಿಲ್ಲಿಸಿದ್ದಾನೆ. ನುಣುಪಾದ ಕಲ್ಲು, ಮೇಲೆ ಏನೂ ಇಲ್ಲ. ಸೀಗೆ ಹುಣ್ಣಿಮೆಗೆ ನೀವು ಹೋಗಿ ವರ್ಷವಾಗುತ್ತದೆ, ಅಷ್ಟರೊಳಗೆ ಹೆಸರು ಕಡೆಯಬೇಕು. ಕಲ್ಲು ಕಡೆಯುವವನಿಗೆ ಓದು ಬರಹ ಬೇಕಿಲ್ಲ. ಕಾವಿಯಲ್ಲಿ ಬರೆದುಕೊಟ್ಟ ಗೆರೆಯ ಮೇಲೆ ಉಳಿ ಇಟ್ಟುಕೊಂಡು ಹೋಗುತ್ತಾನೆ, ನೀವು ಸೂಜಿ ಇಟ್ಟುಕೊಂಡು ಹೋಗುತ್ತಿದ್ದ ಹಾಗೆ. “ನೀ ಬರಿ,” ಎಂದ ಅಣ್ಣ. “ನಾಲ್ಕ ತಾಲೂಕಿನ ಅಂಗಡಿಗೆ ಬರದಿ. ಇದೊಂದ ಬರ್ಯಾಕ ಏನಾಗೇತಿ?” ಕಾವಿಯಲ್ಲಿ ಬ್ರಶ್ ಅದ್ದಿದೆ. ಕೈ ಏಳಲಿಲ್ಲ. ನನ್ನ ಅಕ್ಷರದಲ್ಲಿ ನಿಮ್ಮನ್ನು ಅಲ್ಲಿ ಕೂರಿಸಿದರೆ, ಮಣ್ಣಿನಲ್ಲಿಯೂ ನೀವು ಮಂದಿ ಮನೆಯಲ್ಲಿ... ನಿಮ್ಮ ಹೆಸರು ನಿಮ್ಮದೇ ಅಕ್ಷರದಲ್ಲಿ ಇರಬೇಕು, ಅಷ್ಟೇ ನನಗೆ ಬೇಕಾದದ್ದು. ಆದರೆ ಹಳೆ ಸೀರೆ ಸೇರಿಸಿ ಹೊಲಿದ ಹೊದೆಯುವ ಕೌದಿಗಳ ಮೇಲೆ ಓಣಿಯವರ ಕೂಸುಗಳ ಹೆಸರನ್ನೆಲ್ಲ ಹೊಲಿದ ನೀವು ನೀಲವ್ವ ಎಂದು ಒಮ್ಮೆಯೂ ಹೊಲಿಯಲಿಲ್ಲ. ಯಾಕೆ ಹೊಲಿಯಲಿಲ್ಲ?

ನೀವು ಅಣ್ಣನ ಕೈಹಿಡಿದು ನಮ್ಮ ಮನೆಗೆ ಸೊಸೆಯಾಗಿ ಬಂದ ವರ್ಷ ನನಗೆ ಹನ್ನೊಂದು. ತಾಂಬಾದ ತವರಿನಿಂದ ಬಂದ ನಿಮ್ಮ ಗಂಟಿನಲ್ಲಿ ಸೀರೆಗಳಿಗಿಂತ ಬಟ್ಟೆಯ ತುಂಡುಗಳೇ ಹೆಚ್ಚಿದ್ದವು. ಒಂದು ಮಧ್ಯಾಹ್ನ ಮನೆಯವರೆಲ್ಲ ಅಡ್ಡಾದ ಮೇಲೆ ನನ್ನನ್ನು ಕರೆದಿರಿ. “ತಮ್ಮಾ, ನಿಮ್ಮಣ್ಣನ ಹೆಸರ ಬರದ ಕೊಡು. ಕೌದಿಗೆ ಹಚ್ತೇನಿ.” ಹೆಂಡತಿ ಗಂಡನ ಹೆಸರು ಹೇಳಬಾರದೆಂದು ಗೊತ್ತಿದ್ದೂ, “ಯಾವ ಹೆಸರ್ರಿ ವೈನಿ?” ಎಂದು ಬೇಕೆಂದೇ ಕೇಳಿದೆ. “ಭಾಳ ಶಾಣ್ಯಾ ಅದಿ. ನಾ ಬಾಯಿಲೆ ಹೇಳೂದಿಲ್ಲ, ಸೂಜಿಲೆ ಹೇಳ್ತೇನಿ. ನೀ ಬರಿ.” ನೋಟ್‌ಬುಕ್ಕಿನ ಹಾಳೆ ಹರಿದು ನೀಲಕಂಠ ಎಂದು ಬರೆದೆ. ಅದರ ಕೆಳಗೆ ಬೆರಳಿಟ್ಟು, “ಇಲ್ಲೆ ಪಾರವ್ವ ಅಂತ ಬರಿ” ಎಂದಿರಿ, ಮೆಲ್ಲಗೆ. ಪಾರವ್ವ ನಮ್ಮ ಅವ್ವನ ಹೆಸರು. ಅತ್ತೆಯನ್ನು ಒಲಿಸಿಕೊಳ್ಳಲು ಹೊಸ ಸೊಸೆಯ ಉಪಾಯ ಎಂದುಕೊಂಡೆ. ಗಂಡನ ಹೆಸರು ಬಾಯಿಗೆ ತರದವರು ಅತ್ತೆಯ ಹೆಸರನ್ನು ಸಲೀಸಾಗಿ ಅಂದುಬಿಟ್ಟರಲ್ಲ ಎಂದು ಸ್ವಲ್ಪ ಆಶ್ಚರ್ಯವೂ ಆಯಿತು. ಪಾ ಬರೆದು ರ ಬರೆಯುವಷ್ಟರಲ್ಲಿ ನಿಬ್ಬಿನಿಂದ ದೊಡ್ಡದೊಂದು ಮಸಿಯ ಹನಿ ಬಿತ್ತು. ಹನಿಯ ಪಕ್ಕಕ್ಕೆ ರವ್ವ ಬರೆದು ಮುಗಿಸಿದೆ; ಚೊಕ್ಕ ಬರೆದುಕೊಡಲು ಇನ್ನೊಂದು ಹಾಳೆ ಹರಿಯುವ ಮೊದಲೇ ಚೀಟಿ ನಿಮ್ಮ ಸೊಂಟ ಸೇರಿತ್ತು. ಅವ್ವ ಸಾಯುವವರೆಗೆ ತನ್ನ ಹೆಸರಿನ ಕೌದಿ ಹೊದ್ದದ್ದನ್ನು ನಾನು ಕಾಣಲಿಲ್ಲ. ಕೇಳಲೂ ಇಲ್ಲ.

ಕೌದಿ ಹೊಲಿಯುವಾಗ ನೀವು ಅಕ್ಷರಗಳ ಬಗ್ಗೆ ಆಡುತ್ತಿದ್ದ ಮಾತುಗಳು ನನಗೆ ಯಾವ ಡ್ರಾಯಿಂಗ್ ಕ್ಲಾಸಿನಲ್ಲಿಯೂ ಸಿಗಲಿಲ್ಲ. ತಲೆಕಟ್ಟು ನಿಮಗೆ ಸೆರಗು. “ಇದು ಗರತಿ, ತಲಿ ಮ್ಯಾಲೆ ಸೆರಗ ಐತಿ. ಇದು ನೋಡು, ಬಿಚ್ಚ ತಲೀಲೆ ಕುಂತೈತಿ” ಎಂದು ಲಕಾರವನ್ನು ತೋರಿಸುತ್ತಿದ್ದಿರಿ. ಅಣ್ಣನ ಹೆಸರಿನ ಕೊನೆಯ ಠ ಬಸುರಿ, “ಹೊಟ್ಟ್ಯಾಗ ಕಾಳ ಐತಿ.” ಅಕ್ಷರ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎನ್ನುವುದು ನಿಮಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ದಾರ ಇದ್ದಲ್ಲಿಂದ ಶುರು. ನಾಲ್ಕು ಪದರಿನ ಸೀರೆಯಲ್ಲಿ ಸೂಜಿ ಥಟ್ಟನೆ ತಿರುಗುವುದಿಲ್ಲವಾದ್ದರಿಂದ ಪ್ರತಿ ತಿರುವೂ ದೊಡ್ಡದಾಗುತ್ತಿತ್ತು. ಒಂದು ಅಕ್ಷರ ಪಕ್ಕದ ಅಕ್ಷರದ ಕಡೆಗೆ ವಾಲಿ, ನೀರಿಗೆ ನಿಂತ ಹೆಂಗಸರು ಕಿವಿಯಲ್ಲಿ ಏನೋ ಹೇಳುತ್ತಿರುವ ಹಾಗೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಹಿಡಿ ಜೋಳ ಒಳಗೆ ಹಾಕುತ್ತಿದ್ದಿರಿ. ಕೌದಿ ಹಸಿದಿರಬಾರದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ. ಹೀಗೆಂದು ಯಾರು ಹೇಳಿದರು ಎಂದು ಕೇಳಿದರೆ, “ಕೌದಿನ ಹೇಳೇತಿ” ಎನ್ನುತ್ತಿದ್ದಿರಿ.

ಸಿಂದಗಿಯ ಬಟ್ಟೆ ಅಂಗಡಿಯ ಬೋರ್ಡು ನಿಮಗೆ ನೆನಪಿರಬೇಕು. ಶಾಲೆಯ ಕೆಲಸದ ಜೊತೆಗೆ ನಾನು ಬೋರ್ಡು ಬರೆಯಲು ಶುರು ಮಾಡಿದ ಹೊಸತು. ನನ್ನ ನೆಟ್ಟನೆಯ ಅಕ್ಷರಗಳನ್ನು ನೋಡಿ ಅಂಗಡಿಯವರು, “ಎಲ್ಲಾರದೂ ಹಿಂಗ ಇರತೈತ್ರಿ ಮಾಸ್ತರ. ಬ್ಯಾರೆ ಏನರ ಮಾಡ್ರಿ, ಬಸ್ಸಿನ್ಯಾಗ ಹೋಗಾವ ಇಳದ ಬರಬೇಕು” ಎಂದರು. ಎರಡು ದಿನ ಏನೂ ಹೊಳೆಯಲಿಲ್ಲ. ಮೂರನೆಯ ದಿನ ನೀಲಿ ಬಣ್ಣದಲ್ಲಿ ನಿಮ್ಮ ಅಕ್ಷರಗಳನ್ನು ಬರೆದೆ. ಅದೇ ವಾಲು, ಅದೇ ದೊಡ್ಡ ತಿರುವು, ಗೆರೆಯ ಅಂಚಿಗೆ ಹೊಲಿಗೆಯ ಹಾಗೆ ಬಿಳಿಯ ಚುಕ್ಕಿ. ಜನ ನಿಂತು ನೋಡಿದರು. ಆಮೇಲೆ ಇಂಡಿಯ ಚಹಾದಂಗಡಿ, ಮುದ್ದೇಬಿಹಾಳದ ಫೋಟೋ ಸ್ಟುಡಿಯೋ, ಬಾಗೇವಾಡಿಯ ಸೈಕಲ್ ಅಂಗಡಿ, ಎಲ್ಲರಿಗೂ ‘ಮಾಸ್ತರ ಅಕ್ಷರ’ವೇ ಬೇಕಾಯಿತು. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ, ಮುಂಬೈ ಕಡೆ ಈಗ ಹೀಗೇ ಬರೆಯುತ್ತಾರೆ ಎಂದೆ. ನಾನು ಸೊಲ್ಲಾಪುರ ದಾಟಿದವನಲ್ಲ.

ಸಂತೆಯ ದಿನ ನೀವೂ ಅಣ್ಣನೂ ಆ ಅಂಗಡಿಗೆ ಬಂದಾಗ ನಾನು ಅಲ್ಲಿಯೇ ಕೂತಿದ್ದೆ. ಬೀದಿಯಲ್ಲಿ ನಿಂತು ಬೋರ್ಡು ನೋಡಿದಿರಿ. ಬಾಯಿಗೆ ಸೆರಗು ಹಿಡಿದು ನಕ್ಕಿರಿ. “ನೋಡಿಲ್ಲಿ, ನನ್ನ ಕೌದಿ ಒಣಾ ಹಾಕ್ಯಾರ.”

ಅಂಗಡಿಯವರಿಗೆ ತಿಳಿಯಲಿಲ್ಲ. “ಏನಂದ್ರು ಮಾಸ್ತರ?”

“ಏನಿಲ್ಲ. ಬಣ್ಣ ಚಂದ ಐತಿ ಅಂದ್ರು.”

ನೀವು ಕೇಳಿಸಿಕೊಂಡಿರಿ. ನನ್ನ ಮುಖ ನೋಡಲಿಲ್ಲ, ಒಳಗೆ ಬಂದು ಕೆಂಪು ದಾರದ ಉಂಡೆ ತೆಗೆದುಕೊಂಡಿರಿ. ನೀವು ಒಂದು ಮಾತು ಬೈದಿದ್ದರೆ... ಬೈಯಲಿಲ್ಲವಲ್ಲ. ಆವತ್ತೇ ನಿಜ ಹೇಳುವುದು ಎಷ್ಟು ಸುಲಭವಿತ್ತು.

ರಾಜ್ಯದ ಹೆಸರು ಬದಲಾದ ವರ್ಷ ನನಗೆ ಕೈತುಂಬ ಕೆಲಸ. ಊರೂರಿನ ತಗಡಿನ ಬೋರ್ಡುಗಳಲ್ಲಿ ಮೈಸೂರು ಹೋಗಿ ಕರ್ನಾಟಕ ಬರಬೇಕಿತ್ತು. ಮೋರಟಗಿಯಲ್ಲಿಯೂ ಒಂದು ಬೋರ್ಡು ಬರೆಯುತ್ತಿದ್ದೆ, ನೀವು ಮಜ್ಜಿಗೆ ತಂದಿರಿ. “ಹಳೇ ಹೆಸರ ಎಲ್ಲಿ ಹೋತು?” ಎಂದು ಕೇಳಿದಿರಿ.

“ಎಲ್ಲೂ ಹೋಗಿಲ್ರಿ ವೈನಿ. ಬಣ್ಣದ ಕೆಳಗ ಐತಿ.”

“ಕೆರದ ತಗೀಲಿಲ್ಲ?”

“ಕೆರ್ಯಾಕ ಹ್ವಾದ್ರ ಪತ್ರಾನ ಹಾಳಾಗತೈತ್ರಿ. ಮ್ಯಾಲೆ ಬಡದ್ರ ಮುಗೀತು.”

“ಹಂಗಾರ ಐತಿ ಅನ್ನು,” ಎಂದಿರಿ. ಸ್ವಲ್ಪ ಹೊತ್ತು ಹಸಿ ಬಣ್ಣವನ್ನೇ ನೋಡುತ್ತ ನಿಂತಿದ್ದಿರಿ. “ಇರಲಿ.” ತಂಬಿಗೆ ತೆಗೆದುಕೊಂಡು ಹೋದಿರಿ. ಆ ‘ಇರಲಿ’ಯಲ್ಲಿ ನನಗೆ ಏನೂ ಕೇಳಿಸಲಿಲ್ಲ. ಬಣ್ಣ ಒಣಗುವುದರ ಮೇಲೆ ನನ್ನ ಲಕ್ಷ್ಯವಿತ್ತು.

ನಿಮ್ಮ ಮಗಳು ಶಾಂತಾಳ ಮೊದಲ ಕೂಸಿಗೆ ಹೆಸರಿಟ್ಟ ದಿನ ಇಂಡಿಯಲ್ಲಿ ನಡೆದದ್ದನ್ನು ಬರೆಯದೆ ಮುಂದೆ ಹೋಗಲಾರೆ. ನಾನು ಚೀಟಿಯಲ್ಲಿ ಲಕ್ಷ್ಮಣ ಎಂದು ಬರೆದು ಕೊಡುವಾಗ ಬಸ್ಸಿನ ಕುಲುಕಾಟಕ್ಕೆ ನಡುವಿನ ಅಕ್ಷರ ಕೆಟ್ಟಿತ್ತು. ಗೀಚಿ ಹೊಡೆದು ಮುಂದೆ ಬರೆದಿದ್ದೆ. ನೀವು ಗೀಚಿದ್ದನ್ನೂ ಬಿಡದೆ, ಒಂದೊಂದು ಗೀಟನ್ನೂ ಎಣಿಸಿದ ಹಾಗೆ, ಕಪ್ಪು ದಾರದಲ್ಲಿ ಹೊಲಿದಿರಿ. ತೊಟ್ಟಿಲಿಗೆ ಕೌದಿ ಹಾಸಿದಾಗ ಬೀಗಿತ್ತಿ ಬಗ್ಗಿ ನೋಡಿ, “ಏನ್ರಿ ಇದು, ಕೂಸಿನ ಹೆಸರಿನ್ಯಾಗ ಚೇಳ ಕುಂತೈತಿ” ಎಂದರು. ಹೆಂಗಸರೆಲ್ಲ ನಕ್ಕರು. ನೀವು ನನ್ನ ಕಡೆ ನೋಡಿದಿರಿ. ತಪ್ಪು ನನ್ನದು ಎನ್ನಬೇಕಿತ್ತು. ನಾನು ತೊಟ್ಟಿಲ ಹಗ್ಗ ಸರಿಪಡಿಸುತ್ತಿದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ, “ಅದನ್ನ ಯಾಕ ಹೊಲದ್ರಿ ವೈನಿ?” ಎಂದೆ. “ನೀ ಬರದದ್ದು ನಾ ಯಾಕ ಬಿಡ್ಲಿ?” ಎಂದಿರಿ.

ಮುಂದಿನ ಸಲ ಬಂದಾಗ ಎಣ್ಣೆ ಡಬ್ಬಿಯ ಪತ್ರಾ ಕತ್ತರಿಸಿ ಅಕ್ಷರಗಳ ಅಚ್ಚು ಮಾಡಿ ತಂದುಕೊಟ್ಟೆ. ನನ್ನ ಅಕ್ಷರ, ನೆಟ್ಟನೆಯದು. ಬಟ್ಟೆಯ ಮೇಲೆ ಅಚ್ಚು ಇಟ್ಟು ಸುಣ್ಣದ ಪುಡಿ ಉದುರಿಸಿ ಕತ್ತರಿಸಿದರೆ ಆಯಿತು, ಯಾರೂ ನಗುವುದಿಲ್ಲ ಎಂದೆ. “ಹೂಂ” ಎಂದಿರಿ. ಅಲ್ಲಿಂದ ಕೊನೆಯವರೆಗೆ ನಿಮ್ಮ ಕೌದಿಗಳ ಮೇಲೆ ನನ್ನ ಅಕ್ಷರ, ನನ್ನ ಬೋರ್ಡುಗಳ ಮೇಲೆ ನಿಮ್ಮದು. ಈ ಅದಲು ಬದಲು ನಮ್ಮಿಬ್ಬರಿಗೆ ಬಿಟ್ಟು ಮತ್ತೆ ಯಾರಿಗಾದರೂ ಗೊತ್ತಿತ್ತೇ?

ಕಳೆದ ಮೂರು ಭಾನುವಾರ ನಿಮ್ಮ ಅಕ್ಷರ ಹುಡುಕಿಕೊಂಡು ಬಸ್ಸಿನಲ್ಲಿ ತಿರುಗಿದೆ. ಬೋರ್ಡುಗಳಲ್ಲಿ ಇರುವುದು ನಾನು ಕದ್ದು ತಿದ್ದಿದ್ದು, ಅದು ಬೇಡ. ನಿಮ್ಮ ಸೂಜಿಯದೇ ಬೇಕು. ಇಂಡಿಯಲ್ಲಿ ಶಾಂತಾ ಟ್ರಂಕಿನ ತಳದಿಂದ ಚೇಳಿನ ಕೌದಿ ತೆಗೆದುಕೊಟ್ಟಳು. ಅದರಿಂದ ಲ ಸಿಕ್ಕಿತು, ಬಿಚ್ಚುತಲೆಯದು. ಹಿಂದೆ ನಿಮ್ಮ ಓಣಿಯಲ್ಲಿದ್ದ ಬಸವ್ವ ಈಗ ಮುದ್ದೇಬಿಹಾಳದ ಸೊಸೆ. ಅವಳ ಕೂಸುತನದ ಕೌದಿ ಈಗ ಅವರ ಮನೆಯ ರೇಡಿಯೋದ ಹೊದಿಕೆ. ಟ್ರೇಸಿಂಗ್ ಹಾಳೆ ಇಟ್ಟು ಅದರಿಂದ ವ್ವ ತೆಗೆದುಕೊಂಡೆ. “ನೀಲವ್ವಕ್ಕನ ಕೈ ನೋಡ್ರಿ, ಹಾಡ ಹಚ್ಚಿದಾಗ ಇದೂ ನಡಗತೈತಿ” ಎಂದು ಅವಳು ರೇಡಿಯೋ ಹಾಕಿ ತೋರಿಸಿದಳು. ಉಳಿದದ್ದು ನೀ. ನೀ ಇರುವ ಹೆಸರು ನೀವು ಹೊಲಿದದ್ದು ಒಂದೇ, ಅಣ್ಣನದು. ಆ ಹಳೆಯ ಕೌದಿ ಎಲ್ಲಿಯೂ ಕಾಣಲಿಲ್ಲ.

ನಿನ್ನೆ ಮಧ್ಯಾಹ್ನ ಮೋರಟಗಿಯ ಪಡಸಾಲೆಯಲ್ಲಿ ಅಣ್ಣನನ್ನು ಕೇಳಿದೆ. ಅವನು ಈಚಿನ ಕೌದಿಯ ಮೇಲೆ ಕೂತಿದ್ದ, ಮೇಲೆ ನನ್ನ ಅಚ್ಚಿನ ನೀಲಕಂಠ. “ಹಳೇದು ಇದರೊಳಗ ಐತಿ,” ಎಂದ. “ಆಕಿ ಅದನ್ನ ಒಗೀಲಿಲ್ಲ. ಅದರ ಮ್ಯಾಲೆ ಹೊಸಾ ಸೀರಿ ಹೊಚ್ಚಿ ಹೊಲದ್ಲು.” ನಾನು ಬೆರಳು ಇಟ್ಟು ತಡವಿದೆ. ನನ್ನ ನುಣುಪಾದ ಅಕ್ಷರಗಳ ಕೆಳಗೆ, ಬೇರೆ ದಿಕ್ಕಿನಲ್ಲಿ, ಗಂಟು ಗಂಟಾಗಿ ಏನೋ ಇತ್ತು. ಓದಲು ಬರುವ ನಾನು ನಿಮ್ಮ ಹಾಗೆ ಬೆರಳಿನಿಂದ ನಡೆದೆ, ತಿಳಿಯಲಿಲ್ಲ.

“ಅಣ್ಣಾ, ಒಂದ ಗೇಣ ಬಿಚ್ಚಲೇನು?”

ಅವನು ಕೌದಿಯ ಮೇಲಿಂದ ಎದ್ದು ಪಕ್ಕಕ್ಕೆ ಕೂತ. “ಆಕಿ ಮುಚ್ಚಿದ್ದೋ ಅದು.” ಕೌದಿಯನ್ನು ನನ್ನ ಕಡೆ ಸರಿಸಿದ. “ಬಿಚ್ಚು. ಮೂಲಿ ಕಡಿಂದ ಬಿಚ್ಚು, ದಾರ ಹರೀಬ್ಯಾಡ.”

ಮೂಲೆ ಬಿಡಿಸಿದಾಗ ಮೊದಲು ಬಿದ್ದದ್ದು ಜೋಳ. ಹುಳು ತಿಂದು ಹಗುರಾದ ಕಾಳು, ಬಿದ್ದ ಸದ್ದೂ ಆಗಲಿಲ್ಲ. ಅಣ್ಣ ಬಗ್ಗಿ ಒಂದೊಂದನ್ನೇ ಆರಿಸಿ ಅಂಗೈಯಲ್ಲಿ ಹಾಕಿಕೊಳ್ಳುತ್ತಿದ್ದ. ನಾನು ಮೇಲಿನ ಪದರ ಎತ್ತಿದೆ. ನೀ ಇತ್ತು. ನಿಮ್ಮ ಮದುವೆ ಸೀರೆಯ ಕೆಂಪು ಅಂಚಿನಲ್ಲಿ ಕತ್ತರಿಸಿದ ನೀ, ಸೆರಗು ಮುಂದೆ ಎಳೆದುಕೊಂಡು ಪಕ್ಕದ ಲಕಾರಕ್ಕೆ ಏನೋ ಹೇಳುತ್ತಿತ್ತು. ಹುಡುಕಾಟ ಮುಗಿಯಿತೆಂದು ಟ್ರೇಸಿಂಗ್ ಹಾಳೆ ತೆಗೆದೆ. ಅದರ ಕೆಳಗೆ ಇನ್ನೊಂದು ಸಾಲು ಕಂಡಿತು. ಪಾ. ಆಮೇಲೆ ದುಂಡಗೆ ಕತ್ತರಿಸಿ ಹಚ್ಚಿದ ಕಪ್ಪು ಬಟ್ಟೆ. ಆಮೇಲೆ ರವ್ವ. ನನ್ನ ಹನ್ನೊಂದರ ವಯಸ್ಸಿನ ಮಸಿಯ ಹನಿ ಅಲ್ಲಿ ಅಷ್ಟೇ ಕಪ್ಪಾಗಿ ಇತ್ತು.

“ಅವ್ವನ ಹೆಸರ ಇಲ್ಯಾಕ ಹಚ್ಯಾರ?”

“ಅವ್ವನ ಹೆಸರಲ್ಲೋ ಅದು. ಆಕೀದು.” ಅಣ್ಣ ತಲೆ ಎತ್ತಲಿಲ್ಲ. “ತಾಂಬಾದಾಗ ಆಕಿ ಪಾರವ್ವ. ನಮ್ಮನ್ಯಾಗ ಅತ್ತೀನೂ ಪಾರವ್ವ. ಸೊಸಿನ್ನ ಕರದ್ರ ಅತ್ತಿ ಹೆಸರ ಹಿಡದ ಕರದಂಗ ಆಗತೈತಿ ಅಂತ ಅಕ್ಕಿಕಾಳ ಬೀಳೂ ಮೊದಲ ಬದಲಿ ಮಾಡಿದ್ರು. ನನ್ನ ಹೆಸರಿಗೆ ಜೋಡಿ ಅಂತ ನೀಲವ್ವ.”

“ಇದರಾಗ ಐತಿ ಅಂತ ನಿನಗ ಗೊತ್ತಿತ್ತಾ?”

“ಅಷ್ಟ ವರ್ಷ ಹೊದ್ದೇನಿ, ಗೊತ್ತಿರೂದಿಲ್ಲೇನು?”

“ಮತ್ತ ನೀ ಏನಂತ ಕರೀತಿದ್ದಿ?”

“ನಾ ಯಾವಾಗ ಹೆಸರ ಹಿಡದ ಕರದೇನಿ. ‘ಕೇಳಿಲ್ಲೆ’ ಅಂತಿದ್ದೆ, ಬರ್ತಿದ್ಲು.”

ತಾಂಬಾದಿಂದ ಬಂಡಿಯಲ್ಲಿ ಬಂದ ನಿಮ್ಮ ಅಣ್ಣ ಒಮ್ಮೆ ಬಾಗಿಲಲ್ಲೇ “ಪಾರೀ” ಎಂದು ಕೂಗಿದ್ದು ಆಗ ನೆನಪಾಯಿತು. ಅಡುಗೆ ಮನೆಯಿಂದ ನೀವು ಓಡಿದ ಓಟ. ಅಂಥ ಓಟ ನೀವು ಮತ್ತೆಂದೂ ಓಡಿದ್ದನ್ನು ನಾನು ನೋಡಲಿಲ್ಲ. ಅವನ ಬಾಯಿಗೆ ಕೈ ಅಡ್ಡ ಹಿಡಿದು, ಒಳಗಿದ್ದ ಅವ್ವನ ಕಡೆ ತಿರುಗಿ ನೋಡಿದಿರಿ. ಯಾರನ್ನೋ ತಪ್ಪಾಗಿ ಕರೆದನೆಂದು ನಾನು ಅಂದುಕೊಂಡೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನಿಮ್ಮ ಕೈಯಿಂದ ಉಂಡು, ನಿಮ್ಮ ಅಕ್ಷರ ಕದ್ದು ಬದುಕಿ, ನಿಮ್ಮ ಹೆಸರೊಂದನ್ನು ತಿಳಿಯದೆ... ಅಟ್ಟದ ಮೇಲಿನ ಆ ಹಾಳೆಯಲ್ಲಿ ನಿಮಗೆ ಹಿಡಿಸದೆ ಹೋದದ್ದು ನನ್ನ ಗೆರೆ ಎಂದೇ ಇಷ್ಟು ದಿನ ನೊಂದುಕೊಂಡೆ. ಗೆರೆ ಇರಲಿಕ್ಕಿಲ್ಲ, ಅಲ್ಲವೇ?

“ಕಲ್ಲಿಗೆ ಯಾವುದು ಬರೀಲಿ?” ಎಂದೆ ಅಣ್ಣನಿಗೆ.

“ಊರಿಗೆ ಆಕಿ ನೀಲವ್ವ. ಪಾರವ್ವ ಅಂತ ಬರದ್ರ ಅವ್ವನ ಗದ್ದಗಿ ಅಂತಾರ ಮಂದಿ.” ಅಂಗೈಯ ಜೋಳವನ್ನು ಅವನು ಮೂಲೆಯೊಳಗೆ ಸುರಿದ, ಒಳಗೆ ಗಟ್ಟಿಯಾಗಿ ಒತ್ತಿದ. “ನನ್ನ ಕೇಳಬ್ಯಾಡ. ಆಕಿನ್ನ ಕೇಳು. ಬರಿಯೂದು ನಿನ್ನ ಉದ್ಯೋಗ.”

ಅದಕ್ಕೇ ಈ ಕಾಗದ. ಬರುವಾಗ ಸಿಂದಗಿಯಲ್ಲಿ ಇಳಿದು ಬಟ್ಟೆ ಅಂಗಡಿಯವರಿಗೆ, ಈ ಅಕ್ಷರ ನಮ್ಮ ವೈನಿಯವರದು ಎಂದು ಹೇಳಿ ಬಂದೆ. “ಮುಂಬೈ ಅಂದಿದ್ರಲ್ರಿ ಮಾಸ್ತರ?” ಎಂದರು. ಮೋರಟಗಿ ಎಂದೆ. ಅವರು ಹೊರಗೆ ಬಂದು ಬೋರ್ಡನ್ನು ಹೊಸದಾಗಿ ನೋಡಿದರು. ಉಳಿದ ಊರುಗಳಿಗೂ ಹೋಗಿ ಹೇಳುತ್ತೇನೆ. ನೀವು ಕೇಳದೆ ಹೋದ ಸುದ್ದಿ ಇದೊಂದು. ಕೌದಿಯ ಮೂಲೆ ಇನ್ನೂ ಹೊಲಿದಿಲ್ಲ, ಅಣ್ಣ ಅದರ ಮೇಲೆ ಒಂದು ಇಟ್ಟಿಗೆ ಇಟ್ಟಿದ್ದಾನೆ. ನನ್ನ ಮೇಜಿನ ಮೇಲೆ ಎರಡು ಟ್ರೇಸಿಂಗ್ ಹಾಳೆ ಇವೆ. ಒಂದರಲ್ಲಿ ಮೂರು ಊರುಗಳಿಂದ ಕೂಡಿಸಿ ತಂದ ನೀಲವ್ವ. ಇನ್ನೊಂದರಲ್ಲಿ ಒಂದೇ ಬಟ್ಟೆಯಿಂದ, ಒಂದೇ ಕೂತಲ್ಲಿ ನೀವು ಹೊಲಿದ ಪಾರವ್ವ, ಮಸಿಯ ಹನಿಯೂ ಸೇರಿ. ಕಲ್ಲು ಕಡೆಯುವವನು ಸೋಮವಾರ ಬರುತ್ತಾನೆ. ಬೆಳಗಿನ ಬಸ್ಸಿಗೆ ನಾನೂ ಹೊರಡುತ್ತೇನೆ, ಕಾವಿ ಕಲಸಿಕೊಂಡು ಕಲ್ಲಿನ ಮುಂದೆ ಕೂರುತ್ತೇನೆ. ಆ ಹೊತ್ತಿಗೆ ನನಗೆ ಗೊತ್ತಾಗಬೇಕು. ಇಷ್ಟು ವರ್ಷ ವೈನಿ, ವೈನಿ ಎಂದು ಕರೆದು ಕೇಳದೆ ಉಳಿದದ್ದನ್ನು ಈಗ ಕೇಳುತ್ತಿದ್ದೇನೆ: ನಿಮ್ಮನ್ನು ಏನೆಂದು ಕರೆಯಲಿ?